ಎಲೆಕ್ಟ್ರಾನು ಅಂಕಿಯನ್ನು ನೋಡುವುದಿಲ್ಲ

ಕೇಳುಗರಿಗೆ ನಮಸ್ಕಾರ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಮನೆಗಳಲ್ಲಿ ರಸಾಯನಶಾಸ್ತ್ರದ ಪುಸ್ತಕ ಬಿಡಿಸಿಕೊಂಡು ಕುಳಿತಿರುವ ಪಿಯುಸಿ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತೇನೆ. ನಾನು ಹೇಳಬೇಕಾದದ್ದು ಒಂದೇ ಮಾತು: ಪರಮಾಣುವಿನೊಳಗೆ ಎಲೆಕ್ಟ್ರಾನು ಜಾಗ ಹಿಡಿಯುವಾಗ ಕವಚದ, ಅಂದರೆ ನ್ಯೂಕ್ಲಿಯಸ್ಸಿನ ಸುತ್ತಲಿನ ಪದರದ, ಅಂಕಿಯನ್ನು ನೋಡುವುದಿಲ್ಲ, ಶಕ್ತಿಯನ್ನು ನೋಡುತ್ತದೆ.

ಆರ್ಬಿಟಲ್ ಎಂದರೆ ಗ್ರಹ ಸುತ್ತುವ ದಾರಿಯಂಥದ್ದಲ್ಲ. ಎಲೆಕ್ಟ್ರಾನು ಸಿಗುವ ಸಾಧ್ಯತೆ ಹೆಚ್ಚಾಗಿರುವ ಎಡೆ. ಅವುಗಳಲ್ಲಿ ಎಸ್, ಪಿ, ಡಿ, ಎಫ್ ಎಂಬ ಬಗೆಗಳಿವೆ. ಎಲ್ಲ ಬಗೆಯೂ ಎಲ್ಲ ಕವಚದಲ್ಲಿರುವುದಿಲ್ಲ; ಇರುವ ಕವಚದಲ್ಲಿ ಎಸ್ ಒಂದು, ಪಿ ಮೂರು, ಡಿ ಐದು, ಎಫ್ ಏಳು. ಒಂದೊಂದು ಆರ್ಬಿಟಲ್‌ನಲ್ಲಿ ಎರಡಕ್ಕಿಂತ ಹೆಚ್ಚು ಎಲೆಕ್ಟ್ರಾನುಗಳಿಗೆ ಜಾಗವಿಲ್ಲವೆಂಬುದು ಭೌತವಿಜ್ಞಾನಿ ಪೌಲಿ 1925ರಲ್ಲಿ ಕಂಡುಕೊಂಡ ನಿಯಮದ ಫಲ.

ಅಂತರಗಂಗೆ ಬೆಟ್ಟ ಹತ್ತಿದವರು ಕಲ್ಲಿನ ಬಸವನ ಬಾಯಿಂದ ಕಲ್ಯಾಣಿಗೆ ನೀರು ಬೀಳುವುದನ್ನು ನೋಡಿರುತ್ತೀರಿ. ಬರಿದಾದ ಕಲ್ಯಾಣಿಗೆ ನೀರು ಬಂದರೆ ಮೊದಲು ಮುಳುಗುವುದು ತಳದ ಮೆಟ್ಟಿಲು. ಮೆಟ್ಟಿಲುಗಳ ಮೇಲೆ ಅಂಕಿ ಕೊರೆದವರು ಮೂರೆಂದು ಬರೆದ ಒಂದು ಕಲ್ಲನ್ನು ನಾಲ್ಕೆಂದು ಬರೆದ ಕಲ್ಲಿಗಿಂತ ಮೇಲೆ ಕೂರಿಸಿದ್ದಾರೆಂದುಕೊಳ್ಳಿ. ನೀರಿಗೆ ಆ ಅಂಕಿಯ ಗೊಡವೆಯಿಲ್ಲ, ತಗ್ಗಿನಲ್ಲಿರುವ ನಾಲ್ಕೇ ಮೊದಲು ಮುಳುಗುತ್ತದೆ.

ಹಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಬಂಗಾರಪೇಟೆ ಕಡೆಯ ಹುಡುಗಿಯೊಬ್ಬಳು ಪೊಟ್ಯಾಸಿಯಂನ 19 ಎಲೆಕ್ಟ್ರಾನುಗಳನ್ನು 2, 8, 9 ಎಂದು ಬರೆದಳು. ಪುಸ್ತಕದಲ್ಲಿರುವುದು 2, 8, 8, 1. ತಪ್ಪೆಂದಾಗ ಅವಳು, "ಸರ್, ಮೂರನೆಯ ಕವಚದಲ್ಲಿ 18ಕ್ಕೆ ಜಾಗ ಇದೆಯೆಂದು ನೀವೇ ಹೇಳಿದಿರಿ. ಮನೆಯಲ್ಲಿ ಜಾಗವಿರುವಾಗ ಒಬ್ಬರು ಯಾಕೆ ಜಗಲಿಗೆ ಹೋಗಬೇಕು?" ಎಂದಳು. ನನಗೆ ಆ ಪ್ರಶ್ನೆ ಬಹಳ ಇಷ್ಟವಾಯಿತು. ಮರುದಿನ ಪ್ರಯೋಗಶಾಲೆಯಲ್ಲಿ ಸೀಮೆಎಣ್ಣೆಯಲ್ಲಿಟ್ಟಿದ್ದ ಸೋಡಿಯಂ ಮತ್ತು ಪೊಟ್ಯಾಸಿಯಂ ತೆಗೆದು, ಎರಡನ್ನೂ ಚಾಕುವಿನಿಂದ ಬೆಣ್ಣೆಯಂತೆ ಕೊಯ್ದು, ಹೆಸರುಕಾಳಿಗಿಂತ ಚಿಕ್ಕ ಚೂರುಗಳನ್ನು ಗಾಜಿನ ತೆರೆಯ ಹಿಂದಿದ್ದ ನೀರಿನ ತೊಟ್ಟಿಗಳಿಗೆ ಹಾಕಿದೆ. ಸೋಡಿಯಂ ಉಂಡೆಯಾಗಿ ಬುಸುಗುಟ್ಟುತ್ತ ಓಡಿತು. ಪೊಟ್ಯಾಸಿಯಂ ನೀರು ಮುಟ್ಟಿದೊಡನೆ ತಿಳಿನೇರಳೆ ಜ್ವಾಲೆ ಎದ್ದು ಕಡೆಗೆ ಚಟ್ಟೆಂದಿತು. ಇಬ್ಬರೂ ಒಂದೇ ಮನೆತನದವರೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸೋಡಿಯಂನ ಹೊರ ಅಂಚಿನಲ್ಲಿರುವುದು ಎಸ್‌ನ ಒಂಟಿ ಎಲೆಕ್ಟ್ರಾನು, ಪೊಟ್ಯಾಸಿಯಂನದೂ ಹಾಗೆಯೇ. 19ನೆಯದು 3ಡಿಯೊಳಗೆ, ಅಂದರೆ ಮೂರನೆಯ ಕವಚದ ಡಿಯೊಳಗೆ, ಕುಳಿತಿದ್ದರೆ ಈ ಹೋಲಿಕೆ ಎಲ್ಲಿಂದ ಬರುತ್ತಿತ್ತು? ನಾಲ್ಕನೆಯ ಕವಚದ ಎಸ್, ಅಂದರೆ 4ಎಸ್‌ನ ಎಲೆಕ್ಟ್ರಾನು ಒಳಗಿನ ಕವಚಗಳನ್ನು ಭೇದಿಸಿ ಆಗಾಗ ನ್ಯೂಕ್ಲಿಯಸ್ಸಿನ ಬಳಿಗೇ ಹೋಗಬಲ್ಲದು. ಆ ಸೆಳೆತದಿಂದ ಅದರ ಶಕ್ತಿ 3ಡಿಗಿಂತ ತಗ್ಗುತ್ತದೆ. ಅಂಕಿ ದೊಡ್ಡದು, ಶಕ್ತಿ ಕಡಿಮೆ. ಹುಡುಗಿ ಆ ಪುಟದ ಮೇಲೆ ತಾನೇ ಗೀಟು ಹಾಕಿ ತಿದ್ದಿಕೊಂಡಳು. ಈ ಕಾರಣವನ್ನು ಬಿಟ್ಟು, ತುಂಬುವ ಕ್ರಮ ತೋರಿಸುವ ಓರೆ ಬಾಣಗಳ ಚಿತ್ರವನ್ನಷ್ಟೇ ಉರುಹೊಡೆದು ಬರುವವರನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ.

ಸಮಯ ಕಡಿಮೆಯಿದೆ. ಹುಂಡ್ ನಿಯಮವನ್ನು ನೈಟ್ರೋಜನ್ನಿನಲ್ಲಿ ನೋಡಿಕೊಳ್ಳಿ: 2ಪಿಯ ಮೂರು ಎಲೆಕ್ಟ್ರಾನುಗಳು ಮೂರು ಆರ್ಬಿಟಲ್‌ಗಳಲ್ಲಿ ಒಂದೊಂದಾಗಿ ಕೂರುತ್ತವೆ, ಜೋಡಿಯಾಗಲು ಶುರುವಾಗುವುದು ಮುಂದಿನ ಮೂಲವಸ್ತುವಾದ ಆಕ್ಸಿಜನ್ನಿನಲ್ಲಿ. ಅಲ್ಲಿಯೂ ಕಾರಣ ಶಕ್ತಿಯೇ.

ಇನ್ನು ನಮ್ಮ ಜಿಲ್ಲೆಯ ಚಿನ್ನ. 2001ರಲ್ಲಿ ಮುಚ್ಚಿದ ಕೆಜಿಎಫ್ ಗಣಿಯಲ್ಲಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದು ತೆಗೆದ ಆ ಲೋಹದ ಪರಮಾಣುವಿನಲ್ಲಿ 79 ಎಲೆಕ್ಟ್ರಾನುಗಳಿವೆ. 5ಡಿ ಪೂರ್ತಿ ತುಂಬಿ 10, 6ಎಸ್‌ನಲ್ಲಿ ಒಂದೇ ಒಂದು. ಎಲೆಕ್ಟ್ರಾನು ಡಿಯಿಂದ ಎಸ್‌ಗೆ ನೆಗೆಯಲು ಬೇಕಾದಷ್ಟು ಶಕ್ತಿ ನೀಲಿ ಬೆಳಕಿನಲ್ಲಿದೆ. ಚಿನ್ನ ಅದನ್ನು ಹೀರಿಕೊಂಡು ಉಳಿದದ್ದನ್ನು ಹಿಂದಿರುಗಿಸುವುದರಿಂದ ಹಳದಿಯಾಗಿ ಕಾಣುತ್ತದೆ. ಬೆಳ್ಳಿಯಲ್ಲಿ ಆ ಅಂತರ ಹೆಚ್ಚು, ಕಣ್ಣಿಗೆ ಕಾಣದ ನೇರಳಾತೀತ ಬೆಳಕೇ ಬೇಕು. ಆದ್ದರಿಂದ ಬೆಳ್ಳಿ ಬೆಳ್ಳಗಿದೆ. ನಮಸ್ಕಾರ.