ಒಗ್ಗರಣೆಯ ಘಾಟು

ಬಾಣಲೆಯಲ್ಲಿ ಒಣಮೆಣಸಿನಕಾಯಿ ಕಪ್ಪಾಗುತ್ತಿರುವುದು ಕಾಣಿಸುತ್ತಿದೆಯಲ್ಲವೇ? ಎರಡು ವರ್ಷದ ಹಿಂದೆಯಾಗಿದ್ದರೆ ಇಷ್ಟು ಹೊತ್ತಿಗೆ ಒಲೆ ಆರಿಸಿ ಓಡಿರುತ್ತಿದ್ದೆ. ಘಾಟಿಗೆ ಒಂದು ಸೀನು ಬಂದರೆ ಸಾಕು, ಬಟ್ಟೆ ಒದ್ದೆ. ಹೌದು, ಇವತ್ತಿನ ಮಾತು ಮೂತ್ರ ಸೋರಿಕೆಯದ್ದೇ. ಗಂಡಸರು ಎದ್ದುಹೋಗಬೇಕಿಲ್ಲ.

'ಹೆತ್ತ ಮೇಲೆ ಇದೆಲ್ಲ ಇದ್ದದ್ದೇ' ಎನ್ನುತ್ತಿದ್ದರು ಅಮ್ಮ. ಅವರ ಮದ್ದು ನೀರು ಕುಡಿಯದಿರುವುದು. ಮದುವೆಗೆ ಹೊರಟರೆ ಇಬ್ಬರೂ ಬೆಳಗಿನಿಂದ ಗಂಟಲು ಒಣಗಿಸಿಕೊಂಡೇ ಬಸ್ ಹತ್ತುತ್ತಿದ್ದೆವು. ವೈದ್ಯೆ ನನಗೆ ಮೊದಲು ಬೈದದ್ದು ಇದಕ್ಕೇ. ನೀರು ಕಡಿಮೆಯಾದರೆ ಮೂತ್ರ ಗಾಢವಾಗಿ ಮೂತ್ರಕೋಶವನ್ನು ಇನ್ನಷ್ಟು ಕೆಣಕುತ್ತದೆ, ಮಲಬದ್ಧತೆ ಬೇರೆ. ಆಮೇಲೆ, ಮೂರು ದಿನ ಕುಡಿದದ್ದು, ಹೋದದ್ದು, ಸೋರಿದ್ದು ಎಲ್ಲವನ್ನೂ ಬರೆದಿಡಿ ಎಂದರು. ಬಚ್ಚಲಲ್ಲಿ ಅಳತೆಯ ಜಗ್, ಕಿಟಕಿಯ ಮೇಲೆ ಮಗಳ ಹಳೆಯ ನೋಟ್‌ಬುಕ್. ಇಗೋ ಆ ಪುಟ: '11.20, 90 ಮಿಲಿ.' ಮೂತ್ರಕೋಶ 400 ಮಿಲಿಯಷ್ಟನ್ನು ಹಿಡಿದಿಟ್ಟುಕೊಳ್ಳಬಲ್ಲದು. 'ಯಾವುದಕ್ಕೂ ಇರಲಿ' ಎಂದು ಗಂಟೆಗೊಮ್ಮೆ ಹೋಗಿ ನಾನೇ ಅದರ ಅಭ್ಯಾಸ ಕೆಡಿಸಿದ್ದೆ.

ಸೀನಿದಾಗ, ನಕ್ಕಾಗ, ಬಿಂದಿಗೆ ಎತ್ತಿದಾಗ ಸೋರುವುದು ಒಂದು ಬಗೆ. ಮನೆಯ ಬೀಗ ತೆಗೆಯುವಷ್ಟರಲ್ಲಿ ತಡೆಯಲಾಗದೆ ಹೋಗುವುದು ಇನ್ನೊಂದು. ನನಗೆ ಎರಡೂ ಇದ್ದವು. ಎರಡನೆಯದಕ್ಕೆ ಕಾಫಿ ನಾಲ್ಕು ಲೋಟದಿಂದ ಒಂದಕ್ಕೆ ಇಳಿಯಿತು, ಹೋಗುವ ಹೊತ್ತನ್ನು ಹದಿನೈದು ಹದಿನೈದು ನಿಮಿಷ ಮುಂದೂಡುತ್ತ ಬಂದೆ. ಮೊದಲನೆಯದಕ್ಕೆ ವ್ಯಾಯಾಮ. ಮೂತ್ರಕೋಶವನ್ನು ಕೆಳಗಿನಿಂದ ಜೋಲಿಯ ಹಾಗೆ ಹೊತ್ತಿರುವ ಸ್ನಾಯುಗಳನ್ನು, ಹೂಸು ತಡೆಯುವಾಗ ಮಾಡುವಂತೆ, ಮೇಲಕ್ಕೆ ಎಳೆದು ಹಿಡಿದು ಸಡಿಲಿಸುವುದು. ಎಂಟು ಸಲ, ದಿನಕ್ಕೆ ಮೂರು ಹೊತ್ತು, ಕಡಿಮೆಯೆಂದರೂ ಮೂರು ತಿಂಗಳು. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲೇ ಇದನ್ನು ಬರೆದಿದ್ದರು. ಅಮ್ಮ ಹುಟ್ಟುವ ಮೊದಲೇ ಇದ್ದದ್ದು, ಅವರ ಕಿವಿಗೆ ಮಾತ್ರ ಬೀಳಲಿಲ್ಲ.

ನಾನು ಮೊದಲ ತಿಂಗಳು ಉಸಿರು ಕಟ್ಟಿ, ಪೃಷ್ಠ ಬಿಗಿದು, ಪೂರ್ತಿ ತಪ್ಪಾಗಿ ಮಾಡಿದೆ. ಫಿಸಿಯೊಥೆರಪಿಸ್ಟ್ ತಿದ್ದಿದರು. ಈಗ ಸೀನು ಬರುವ ಮೊದಲೇ ಒಳಗೆ ಬಿಗಿಹಿಡಿಯುತ್ತೇನೆ. ಒಲೆಯ ಮುಂದೆ ನನ್ನ ಮುಖ ಅರೆಕ್ಷಣ ಗಂಭೀರವಾದದ್ದು ಅದಕ್ಕೇ. ಎಂದಾದರೂ ಒಂದೆರಡು ಹನಿ ಹೋಗುವುದುಂಟು. ಉರಿಯೋ ರಕ್ತವೋ ಕಂಡರೆ ಮಾತ್ರ ವ್ಯಾಯಾಮ ನೆಚ್ಚಿ ಕೂರಬೇಡಿ, ನೇರ ವೈದ್ಯರ ಬಳಿ ಹೋಗಿ.

ಕಳೆದ ವಾರ ಅರಸೀಕೆರೆಯಲ್ಲಿ ಮದುವೆಯಿತ್ತು. ಚನ್ನರಾಯಪಟ್ಟಣ ದಾಟುವಾಗ ಅಮ್ಮ ನನ್ನ ಬಾಟಲಿ ಇಸಿದುಕೊಂಡು ಎರಡು ಗುಟುಕು ನೀರು ಕುಡಿದರು. ಕುಡಿದ ಮರುಗಳಿಗೆಯೇ ಕಂಡಕ್ಟರನ್ನು ಕರೆದು, ಮುಂದೆ ಬಸ್ ಎಲ್ಲಿ ನಿಲ್ಲುತ್ತದೆಯೆಂದು ವಿಚಾರಿಸಿಕೊಂಡರು.