ಕಕ್ಕಡದ ನಡುಕ

ಕೇಳುಗರಿಗೆ ನಮಸ್ಕಾರ. ನಾನು ಡಯಾಲಿಸಿಸ್ ವಾರ್ಡಿನ ನರ್ಸ್.

ನಮ್ಮ ಕೊಡಗಿನಲ್ಲಿ ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಯಲ್ಲಿ, ಯಾರಾದರೂ ನಡುಗಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮಳೆ, ಗಾಳಿ, ಥಂಡಿ ಅಂತ ಕಂಬಳಿ ಹೊದಿಸುತ್ತೇವೆ. ನಾನೂ ಒಂದು ಸಲ ಹಾಗೇ ಮಾಡಿದೆ. ನಾಪೋಕ್ಲು ಕಡೆಯ ಒಬ್ಬ ಅಜ್ಜ. ಕುತ್ತಿಗೆಗೆ ಡಯಾಲಿಸಿಸ್ ಪೈಪ್ ಹಾಕಿತ್ತು. ಮಷೀನ್ ಶುರುವಾಗಿ ಮುಕ್ಕಾಲು ಗಂಟೆ ಆಗಿರಬಹುದು, ಅಜ್ಜನ ಹಲ್ಲು ಕಟಕಟ ಅನ್ನತೊಡಗಿತು. ಮಂಚವೇ ಅಲ್ಲಾಡುತ್ತಿತ್ತು. "ಸಿಸ್ಟರ್, ಆ ಕಿಟಕಿ ಹಾಕಿ" ಅಂದರು. ಹಾಕಿದೆ. ಇನ್ನೊಂದು ಕಂಬಳಿಯನ್ನೂ ತಂದೆ. ಉಗುರು ನೀಲಿಯಾಗಿದ್ದು ಕಣ್ಣಿಗೆ ಬಿದ್ದದ್ದು ಆಮೇಲೆ.

ಡಾಕ್ಟರ್ ಬಂದವರೇ ಕೇಳಿದ್ದು, "ಬ್ಲಡ್ ಕಲ್ಚರ್ ತೆಗೆದ್ರಾ?" ಪೈಪ್ ಇದ್ದವರು ಹೀಗೆ ನಡುಗಿದರೆ ರಕ್ತಕ್ಕೆ ರೋಗಾಣು ಸೇರಿರಬಹುದು; ರಕ್ತವನ್ನು ಬಾಟಲಿಗೆ ಹಾಕಿ ಅದು ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆ ಇದು. ಮೊದಲು ರಕ್ತ, ಆಮೇಲೆ ಆ್ಯಂಟಿಬಯಾಟಿಕ್. ಔಷಧಿ ಮೊದಲು ಕೊಟ್ಟರೆ ರೋಗಾಣು ಬಾಟಲಿಯಲ್ಲಿ ಬೆಳೆಯದೇ ಹೋಗಬಹುದು. ಪೈಪಿನಿಂದ ಒಂದು, ಕೈಯಿಂದ ಒಂದು ಅಂತ ರಕ್ತ ತೆಗೆಯುತ್ತೇವೆ. ಪೈಪಿನ ಬಾಟಲಿಯಲ್ಲಿ ಎರಡು ಗಂಟೆ ಮೊದಲೇ ಬೆಳೆದರೆ ಕಳ್ಳ ಪೈಪಿನಲ್ಲೇ ಇದ್ದಾನೆ ಅಂತ ಅರ್ಥ.

ಅಜ್ಜನದ್ದು ಹಾಗೇ ಆಯಿತು. ಹೆಸರು ಬಂದಾಗ ವಾರ್ಡಿನಲ್ಲಿ ಯಾರಿಗೂ ಬಾಯಿ ತಿರುಗಲಿಲ್ಲ: ಬರ್ಕ್‌ಹೋಲ್ಡೇರಿಯ ಸೆಪಾಸಿಯ. ಅಮೆರಿಕದ ಸಸ್ಯರೋಗ ತಜ್ಞ ವಾಲ್ಟರ್ ಬರ್ಕ್‌ಹೋಲ್ಡರ್ 1950ರಲ್ಲಿ ಇದರ ಬಗ್ಗೆ ಬರೆದದ್ದು ಮನುಷ್ಯರ ರೋಗ ಅಂತಲ್ಲ, ಈರುಳ್ಳಿ ಕೊಳೆಸುವ ಬ್ಯಾಕ್ಟೀರಿಯಾ ಅಂತ! ಮಣ್ಣಲ್ಲಿ, ನೀರಲ್ಲಿ ಇರುತ್ತದೆ. ಗಟ್ಟಿಮುಟ್ಟಾದವರಿಗೆ ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ಮೈ ಸೋತವರ ರಕ್ತಕ್ಕೆ ದಾರಿ ಸಿಕ್ಕರೆ ಮಾತ್ರ ಕಷ್ಟ. ಇನ್ನೊಂದು ವಿಷಯ ಕೇಳಿದರೆ ನಿಮಗೆ ನಗು ಬರಬಹುದು, ನನಗಂತೂ ಬರಲಿಲ್ಲ. ರೋಗಾಣು ಕೊಲ್ಲಲು ಇಟ್ಟ ಆ್ಯಂಟಿಸೆಪ್ಟಿಕ್ ನೀರಿನಲ್ಲೇ ಇದು ಬದುಕಬಲ್ಲದು.

ನಮ್ಮ ವಾರ್ಡಿನಲ್ಲೂ ಅಂಥ ಒಂದು ಬಾಟಲಿ ಇತ್ತು. ನೀರು ಬೆರೆಸಿ ಇಟ್ಟದ್ದು, ಖಾಲಿಯಾಗುವ ಮುಂಚೆ ಮತ್ತೆ ತುಂಬಿದ್ದು, ಮೇಲೆ ತಾರೀಖಿಲ್ಲ. ಅದರಿಂದಲೇ ಬಂತಾ? ಪರೀಕ್ಷೆಗೆ ಕಳಿಸಬೇಕು ಅಂತ ಹೊಳೆಯುವಷ್ಟರಲ್ಲಿ ಯಾರೋ ಅದನ್ನು ತೊಳೆದು ಕವುಚಿ ಹಾಕಿದ್ದರು. ಈಗ ನಮ್ಮಲ್ಲಿ ಬೆರೆಸಿಡುವುದೇ ಇಲ್ಲ.

"ಔಷಧಿ ಕೊಡ್ತಿದ್ದೀರಲ್ಲ, ಪೈಪ್ ಯಾಕೆ ತೆಗೆಯಬೇಕು?" ಅಂತ ಅಜ್ಜನ ಮಗ ಕೇಳಿದರು. ಮಳೆಗಾಲದಲ್ಲಿ ನಮ್ಮ ಅಂಗಳದಲ್ಲಿ ಪಾಚಿ ಕಟ್ಟುತ್ತದಲ್ಲ, ಹಾಗೆ ಪೈಪಿನ ಒಳಗೆ ಲೋಳೆ ಪದರ ಕಟ್ಟಿರುತ್ತದೆ. ಮೇಲೆ ನೀರು ಸುರಿದರೆ ಪಾಚಿ ಹೋಗುತ್ತದಾ? ಪೈಪ್ ತೆಗೆದೆವು. ಹಲವು ಆ್ಯಂಟಿಬಯಾಟಿಕ್‌ಗೆ ಜಗ್ಗದ ರೋಗಾಣು ಇದು, ರಿಪೋರ್ಟ್ ನೋಡಿ ಔಷಧಿಯನ್ನೂ ಬದಲಿಸಿದರು. ಮೂರನೇ ದಿನ ಅಜ್ಜ ಗಂಜಿ ಬೇಡ, ಕಡುಬು ಬೇಕು ಅಂದರು.

ಮನೆಯಲ್ಲಿ ಪೈಪ್ ಹಾಕಿಸಿಕೊಂಡವರು ಇದ್ದರೆ ಸ್ನಾನದಲ್ಲಿ ಆ ಜಾಗ ಒದ್ದೆಯಾಗಬಾರದು. ಅವರು ನಡುಗಿದರೆ ಜ್ವರದ ಮಾತ್ರೆ ಕೊಟ್ಟು "ಬೆಳಗ್ಗೆ ನೋಡೋಣ" ಅನ್ನಬೇಡಿ. ಕರೆಂಟ್ ಹೋಗಿರಲಿ, ರಸ್ತೆಗೆ ಮರ ಬಿದ್ದಿರಲಿ, ಆಗಲೇ ಡಯಾಲಿಸಿಸ್ ವಾರ್ಡಿಗೆ ಫೋನ್ ಮಾಡಿ. ಮರ ಕಡಿಯುವವರನ್ನು ಆಮೇಲೆ ಕರೆಯೋಣ.

ನಮಸ್ಕಾರ.