ಚೀಟಿಯಲ್ಲಿ ಬಾರದ ಪೆಟ್ಟು

ಕೇಳುಗರಿಗೆಲ್ಲ ನಮಸ್ಕಾರ. ಈ ಹೊತ್ತಿನಲ್ಲಿ ಕೆಲವರು ಅಡುಗೆಮನೆಯಲ್ಲಿರುತ್ತೀರಿ, ಕೆಲವರು ಬಸ್ಸಿನಲ್ಲಿ. ಒಂದಿಬ್ಬರಾದರೂ ಆಸ್ಪತ್ರೆಯ ವರಾಂಡದಲ್ಲಿ, ರೋಗಿಯ ಫ್ಲಾಸ್ಕು ಚೀಲ ಕಾಯುತ್ತಾ ಕೂತಿರುತ್ತೀರಿ. ನನ್ನ ಮಾತು ಮುಖ್ಯವಾಗಿ ನಿಮಗೇ.

ನಾನು ಡಾಕ್ಟರು. ಆದರೆ ಕೂರುವುದು ರೆಕಾರ್ಡ್ ರೂಮಿನಲ್ಲಿ. ದಾರ ಕಟ್ಟಿದ ಕೇಸ್ ಶೀಟುಗಳು, ಧೂಳು, ಸೀನು. ಅಲ್ಲಿ ಏನು ಮಾಡ್ತೀರಿ ಅಂತ ಮನೆಯವರೇ ಕೇಳುತ್ತಾರೆ. ತಲೆಗೆ ಪೆಟ್ಟು ಬಿದ್ದು ಮಿದುಳಿಗೆ ಏಟಾದವರು ಎಷ್ಟು ಜನ ಬಂದಿದ್ದರು, ಅವರಲ್ಲಿ ಎಷ್ಟು ಜನ ನಮ್ಮ ದಾಖಲೆಯಲ್ಲಿ ಹಾಗಂತ ಸಿಗುತ್ತಾರೆ, ಇದನ್ನು ಎಣಿಸುತ್ತೇನೆ. ಎಲ್ಲರೂ ಸಿಗುವುದಿಲ್ಲ. ಅದಕ್ಕೇ ಹೇಳುವುದು: ಪೆಟ್ಟು ಬಿದ್ದದ್ದು ಚೀಟಿಯಲ್ಲಿ ಬರಬೇಕು.

ರೋಗಿ ಡಿಸ್ಚಾರ್ಜ್ ಆದ ಮೇಲೆ ಕೇಸ್ ಶೀಟು ನಮ್ಮಲ್ಲಿಗೆ ಬರುತ್ತದೆ. ಕೋಡ್ ಹಾಕುವವರು ಡಿಸ್ಚಾರ್ಜ್ ಸಮ್ಮರಿ, ಅಂದರೆ ಮನೆಗೆ ಕಳಿಸುವಾಗ ಬರೆಯುವ ಚೀಟಿ, ಓದಿ, ಕಾಯಿಲೆಗೆ ಒಂದು ಕೋಡ್ ಕೊಡುತ್ತಾರೆ. ಐಸಿಡಿ 10 ಅಂತ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಇದೆ. ಅದರಲ್ಲಿ ತಲೆಬುರುಡೆಯ ಒಳಗಿನ ಪೆಟ್ಟಿಗೆ ಎಸ್ 06. ಮುಂದೆ ಯಾರಾದರೂ ಲೆಕ್ಕ ಕೇಳಿದರೆ ಕಂಪ್ಯೂಟರಿನಲ್ಲಿ ಎಸ್ 06 ಎಷ್ಟಿವೆ ಅಂತ ನೋಡುತ್ತಾರೆ. ಕಾಗದ ಬಿಚ್ಚಿ ಯಾರೂ ಓದುವುದಿಲ್ಲ.

ಮೊರದಲ್ಲಿ ಅಕ್ಕಿ ಆರಿಸುತ್ತೀರಲ್ವಾ? ಆರಿಸಿ ಬಿಸಾಡಿದ್ದೆಲ್ಲ ಕಲ್ಲೇ, ಅದರಲ್ಲಿ ತಪ್ಪು ಕಡಿಮೆ. ಆದರೆ ಇದ್ದ ಕಲ್ಲೆಲ್ಲ ಸಿಕ್ಕವಾ? ಊಟಕ್ಕೆ ಕೂತಾಗ ಹಲ್ಲಿಗೆ ಗೊತ್ತಾಗುತ್ತದೆ. ನಮ್ಮ ದಾಖಲೆಯೂ ಹಾಗೇ. ಎಸ್ 06 ಅಂತ ಬರೆದಿದ್ದರೆ ಸಾಮಾನ್ಯವಾಗಿ ಅದು ನಿಜವೇ. ತೊಂದರೆ ಇರುವುದು ಬರೆಯದೆ ಬಿಟ್ಟವರಲ್ಲಿ.

ಒಬ್ಬ ಅಜ್ಜನ ವಿಷಯ ಹೇಳುತ್ತೇನೆ. ಮಲೆನಾಡಿನವರು, ಅಡಿಕೆ ತೋಟ, ಎಪ್ಪತ್ತು ದಾಟಿದ ವಯಸ್ಸು. ಬಲಗೈ ಸೋತಿದೆ, ಮಾತು ತೊದಲುತ್ತದೆ ಅಂತ ಮಗ ಕರೆದುಕೊಂಡು ಬಂದರು. ಕ್ಯಾಶುವಾಲ್ಟಿಯಲ್ಲಿ ಕೇಸ್ ಶೀಟಿನ ಮೊದಲ ಪುಟಕ್ಕೇ ಸ್ಟ್ರೋಕ್ ಅಂತ ಬಿತ್ತು. ತಲೆಗೆ ಏನಾದರೂ ತಾಗಿತ್ತಾ ಅಂತ ಯಾರೂ ಕೇಳಲಿಲ್ಲ. ಅಜ್ಜನೂ ಹೇಳಲಿಲ್ಲ. ಸಿಟಿ ಸ್ಕ್ಯಾನ್ ಮಾಡಿದರೆ ಮಿದುಳನ್ನು ಸುತ್ತಿದ ಹೊರಪೊರೆಯ ಕೆಳಗೆ ಹಳೆಯ ರಕ್ತ ನಿಂತಿದೆ. ಡಾಕ್ಟರುಗಳು ಇದನ್ನು ಕ್ರಾನಿಕ್ ಎಸ್‌ಡಿಎಚ್ ಅನ್ನುತ್ತಾರೆ. ವಯಸ್ಸಾದವರಿಗೆ ಸಣ್ಣ ಏಟು ಸಾಕು. ರಕ್ತ ನಿಧಾನಕ್ಕೆ ಜಿನುಗಿ, ವಾರಗಳು ಕಳೆದ ಮೇಲೆ ಕೈಕಾಲು ಸೋಲುತ್ತದೆ. ಬುರುಡೆಗೆ ತೂತು ಕೊರೆದು ರಕ್ತ ತೆಗೆದರು. ಮೂರನೇ ದಿನ ಅಜ್ಜ ಎದ್ದು ಕೂತು ಎಲೆಅಡಿಕೆ ಕೇಳಿದರಂತೆ. ಕೊಡಲಿಲ್ಲ ಅಂತ ಸಿಟ್ಟೂ ಮಾಡಿದರಂತೆ.

ಇದೆಲ್ಲ ನನಗೆ ಗೊತ್ತಾದದ್ದು ಎರಡು ವರ್ಷದ ನಂತರ, ಹಳೆಯ ಕೇಸ್ ಶೀಟುಗಳನ್ನು ಕೋಡಿನ ಜೊತೆ ತಾಳೆ ನೋಡುವಾಗ. ಅಜ್ಜನ ಸಮ್ಮರಿಯಲ್ಲಿ ಆಪರೇಷನ್ ಬಗ್ಗೆ ಅರ್ಧ ಪುಟ ಇದೆ. ಪೆಟ್ಟಿನ ಸುದ್ದಿಯೇ ಇಲ್ಲ. ಈಗ ಕೋಡ್ ಹಾಕುವವರ ಮುಂದೆ ಎರಡು ದಾರಿ. ಪೆಟ್ಟಿನಿಂದ ಆದ ರಕ್ತಸ್ರಾವಕ್ಕೆ ಎಸ್ 06.5. ತಾನಾಗೇ ಆದದ್ದಕ್ಕೆ ಐ 62.0. ಪೆಟ್ಟಿನ ಮಾತೇ ಇಲ್ಲವಲ್ಲ, ಅವರು ಐ 62.0 ಹಾಕಿದರು. ಅವರ ತಪ್ಪೇನಿದೆ?

ನಾನೂ ಮಡಚಿ ಇಡುವವನಿದ್ದೆ. ಸುಮ್ನೆ ಹಾಳೆ ತಿರುವಿದೆ. ನರ್ಸ್ ನೋಟ್ಸಿನಲ್ಲಿ, ರಾತ್ರಿ ಪಾಳಿಯ ಸಿಸ್ಟರ್ ನೀಲಿ ಪೆನ್ನಿನಲ್ಲಿ ಒಂದು ಸಾಲು ಬರೆದಿದ್ದರು. ಬಿಪಿ, ಜ್ವರದ ಲೆಕ್ಕಗಳ ನಡುವೆ, ಕನ್ನಡದಲ್ಲೇ: "ಸೊಸೆ ಹೇಳಿದ್ದು: ತಿಂಗಳ ಹಿಂದೆ ಕೊಟ್ಟಿಗೆ ಬಾಗಿಲು ತಲೆಗೆ ತಾಗಿತ್ತು. ಎಂತದೂ ಇಲ್ಲ ಅಂದಿದ್ದರು." ಆ ಒಂದು ಸಾಲಿಗೆ ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ! ಪಕ್ಕದಲ್ಲಿದ್ದವರು ಹಾವು ಬಂತು ಅಂದುಕೊಂಡರು.

ಅಜ್ಜನಿಗೆ ಚಿಕಿತ್ಸೆ ಸರಿಯಾಗಿಯೇ ಆಯಿತು, ಇನ್ನೇನು ಬೇಕು ಅಂತ ಕೇಳಬಹುದು. ವಯಸ್ಸಾದವರು ಎಡವಿ, ಜಾರಿ, ತಲೆ ತಾಗಿಸಿಕೊಂಡು ಎಷ್ಟು ಜನ ಬರುತ್ತಾರೆ ಅಂತ ಯಾರಾದರೂ ಲೆಕ್ಕ ತೆಗೆದರೆ ಈ ಅಜ್ಜ ಅದರಲ್ಲಿಲ್ಲ. ಇಂಥವರೆಲ್ಲ ಬಿಟ್ಟುಹೋದ ಲೆಕ್ಕ ನೋಡಿಕೊಂಡು ಎಷ್ಟು ಹಾಸಿಗೆ ಬೇಕು, ಎಷ್ಟು ಸರ್ಜನ್ ಬೇಕು ಅಂತ ತೀರ್ಮಾನ ಆಗುತ್ತದೆ.

ಅಜ್ಜನ ಕತೆಯಲ್ಲೇ ಹೊತ್ತು ಹೋಯಿತು. ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಬೈಕಿನಿಂದ ಬಿದ್ದ ಹುಡುಗ, ತೊಡೆ ಮೂಳೆ ಮುರಿದಿದೆ. ಸಮ್ಮರಿ ತುಂಬಾ ರಾಡ್ ಹಾಕಿದ ವಿಷಯ. ಹತ್ತು ನಿಮಿಷ ಎಚ್ಚರ ತಪ್ಪಿದ್ದು ಎಲ್ಲೂ ಇಲ್ಲ. ಮುಂದೆ ಅವನಿಗೆ ಓದಿದ್ದು ನೆನಪಿರುವುದಿಲ್ಲ, ಸುಮ್ಮಸುಮ್ಮನೆ ರೇಗುತ್ತಾನೆ. ಯಾಕೆ ಅಂತ ಫೈಲು ಹೇಳುವುದಿಲ್ಲ. ಇನ್ನು ಸಣ್ಣ ಪೆಟ್ಟು. ಎಚ್ಚರ ಎಷ್ಟಿದೆ ಅಂತ ಅಳೆಯಲು 1974ರಲ್ಲಿ ಗ್ಲಾಸ್ಗೋದ ಇಬ್ಬರು ವೈದ್ಯರು ಮಾಡಿದ ಅಳತೆ ಇದೆ, 3ರಿಂದ 15ರವರೆಗೆ ಅಂಕ. 13 ಅಥವಾ ಅದಕ್ಕಿಂತ ಮೇಲೆ ಬಂದರೆ ಸಣ್ಣ ಪೆಟ್ಟು. ಜಾಸ್ತಿ ಜನ ಇವರೇ. ಸ್ಕ್ಯಾನ್ ನಾರ್ಮಲ್ ಬಂತು ಅಂದರೆ ಮಾತ್ರೆ ಕೊಟ್ಟು ಮನೆಗೆ ಕಳಿಸುತ್ತಾರೆ. ದಾಖಲೆಯಿಂದ ಜಾಸ್ತಿ ಜಾರಿಹೋಗುವವರೂ ಇವರೇ.

ಹಾಗಾಗಿ, ಜೊತೆಗೆ ಹೋದವರೇ, ಕೇಳದಿದ್ದರೂ ಹೇಳಿ. ಏನು ತಾಗಿತು, ಯಾವತ್ತು, ಎಚ್ಚರ ತಪ್ಪಿತ್ತಾ, ಎಷ್ಟು ಹೊತ್ತು, ವಾಂತಿ ಆಯಿತಾ. ಹೇಳಿ ಸುಮ್ಮನಾಗಬೇಡಿ, ಬರೆಸಿ. ಡಾಕ್ಟರು ಗಡಿಬಿಡಿಯಲ್ಲಿದ್ದರೆ ಸಿಸ್ಟರ್ ಹತ್ತಿರ ಹೇಳಿ. ಮನೆಗೆ ಹೊರಡುವ ದಿನ ಸಮ್ಮರಿಯಲ್ಲಿ ಅದು ಬಂದಿದೆಯಾ ಅಂತ ಕೇಳಿ ನೋಡಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಪೆಟ್ಟು ಬಿದ್ದದ್ದು ಚೀಟಿಯಲ್ಲಿ ಬರಬೇಕು.

ನೀಲಿ ಪೆನ್ನಿನ ಸಿಸ್ಟರ್ ಈಗ ನಿವೃತ್ತರಾಗಿದ್ದಾರೆ. ಎಲ್ಲಾದರೂ ಕೂತು ಇದನ್ನು ಕೇಳುತ್ತಿದ್ದರೆ ಅವರಿಗೊಂದು ನಮಸ್ಕಾರ. ನಿಮಗೂ.